ಗೀಂಗೆನ್ ಊರಿನ ಗಾಜಿನ ಕಾರ್ಖಾನೆಗೆ ಪಠ್ಯದಲ್ಲಿ ಜಾಗ ಕೊಡಿ: ವಾಸ್ತುಶಿಲ್ಪ ಅಧ್ಯಾಪಕರಿಗೊಂದು ಬಹಿರಂಗ ಪತ್ರ

ಕರ್ನಾಟಕದ ವಾಸ್ತುಶಿಲ್ಪ ಕಾಲೇಜುಗಳ ಪಠ್ಯಕ್ರಮ ಸಮಿತಿಗಳ ಸದಸ್ಯರಿಗೂ, ಆಧುನಿಕ ವಾಸ್ತುಶಿಲ್ಪದ ಇತಿಹಾಸವನ್ನು ಬೋಧಿಸುವ ಅಧ್ಯಾಪಕರಿಗೂ,

ಮಾನ್ಯರೇ,

ಕಟ್ಟಡಗಳ ಹೊರಮೈಯನ್ನು, ಅಂದರೆ ನಮ್ಮ ಕಸುಬಿನವರು ಫಸಾಡ್ ಎಂದು ಕರೆಯುವ ಗಾಜು ಮತ್ತು ಅಲ್ಯೂಮಿನಿಯಂ ಗೋಡೆಗಳನ್ನು, ಲೆಕ್ಕ ಹಾಕಿ ನಿಲ್ಲಿಸುವ ಕೆಲಸದಲ್ಲಿ ಹಲವು ವರ್ಷಗಳಿಂದ ಇರುವ ಇಂಜಿನಿಯರ್ ನಾನು. ನಮ್ಮಲ್ಲಿಗೆ ಕೆಲಸ ಕಲಿಯಲು ಬರುವ ಯುವ ವಾಸ್ತುಶಿಲ್ಪಿಗಳನ್ನು, ಭಾರ ಹೊರದೆ ಚೌಕಟ್ಟಿನ ಮುಂದೆ ತೂಗುವ ಗಾಜಿನ ಗೋಡೆ ಎಲ್ಲಿ ಶುರುವಾಯಿತೆಂದು ಕೇಳಿದರೆ, ಹೆಚ್ಚಿನವರು ಜರ್ಮನಿಯ 1911ರ ಫಾಗುಸ್ ಕಾರ್ಖಾನೆಯ ಹೆಸರನ್ನೋ, ಅದೇ ದೇಶದ ಡೆಸ್ಸೌ ನಗರದಲ್ಲಿ 1926ರಲ್ಲಿ ಎದ್ದ ಬೌಹೌಸ್ ವಿನ್ಯಾಸ ಶಾಲೆಯ ಕಟ್ಟಡದ ಹೆಸರನ್ನೋ ಹೇಳುತ್ತಾರೆ. ಸ್ವಲ್ಪ ಹೆಚ್ಚು ಓದಿಕೊಂಡವರು ಸ್ಯಾನ್ ಫ್ರಾನ್ಸಿಸ್ಕೋದ ಹ್ಯಾಲಿಡೀ ಕಟ್ಟಡವನ್ನು ಸೇರಿಸುತ್ತಾರೆ. ಫಾಗುಸ್‌ಗಿಂತ ಎಂಟು ವರ್ಷ ಮೊದಲೇ, 1903ರಲ್ಲಿ, ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನ ಆಟಿಕೆ ತಯಾರಕರು ನಾಲ್ಕೂ ಕಡೆ ಗಾಜಿನದೇ ಆದ, ಅದೂ ಎರಡು ಪದರ ಗಾಜಿನ, ಮೂರು ಅಂತಸ್ತಿನ ಕಾರ್ಖಾನೆಯೊಂದನ್ನು ಕಟ್ಟಿದ್ದರು ಎಂಬುದು ಅವರ ಕಿವಿಗೆ ಬಿದ್ದಿರುವುದಿಲ್ಲ. ಇದು ವಿದ್ಯಾರ್ಥಿಗಳ ಸೋಮಾರಿತನವಲ್ಲ. ನಾನು ನೋಡಿದ ಪಾಠದ ಟಿಪ್ಪಣಿಗಳಲ್ಲೇ ಆ ಕಟ್ಟಡ ಇಲ್ಲ. ಗೀಂಗೆನ್ ಊರಿನ ಸ್ಟೈಫ್ ಆಟಿಕೆ ಕಾರ್ಖಾನೆಯನ್ನು ಆಧುನಿಕ ವಾಸ್ತುಶಿಲ್ಪದ ಇತಿಹಾಸ ಪತ್ರಿಕೆಯಲ್ಲಿ, ಫಾಗುಸ್‌ಗಿಂತ ಮೊದಲು, ಒಂದು ಪೂರ್ಣ ಪಾಠವಾಗಿ ಸೇರಿಸಬೇಕೆಂಬುದು ನನ್ನ ಕೋರಿಕೆ. ಅದಕ್ಕೆ ನನ್ನ ಕಾರಣಗಳನ್ನು ಇಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ಗೀಂಗೆನ್ ಇರುವುದು ಇಂದಿನ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ಹೈಡನ್‌ಹೈಮ್ ಜಿಲ್ಲೆಯಲ್ಲಿ, ಬ್ರೆಂಟ್ಸ್ ನದಿಯ ದಂಡೆಯ ಮೇಲೆ. ಅಲ್ಲಿ 1847ರಲ್ಲಿ ಹುಟ್ಟಿದ ಮಾರ್ಗರೆಟೆ ಸ್ಟೈಫ್ ಅವರಿಗೆ ಒಂದೂವರೆ ವರ್ಷ ವಯಸ್ಸಾಗಿದ್ದಾಗ ಪೋಲಿಯೋ ತಗುಲಿ ಎರಡೂ ಕಾಲುಗಳು ಸ್ವಾಧೀನ ತಪ್ಪಿದವು, ಬಲಗೈ ಕೂಡ ಜೀವನಪೂರ್ತಿ ನೋವು ಕೊಟ್ಟಿತು. ಗಾಲಿಕುರ್ಚಿಯಲ್ಲೇ ಕುಳಿತು ಹೊಲಿಗೆ ಕಲಿತ ಆಕೆ 1877ರಲ್ಲಿ ಫೆಲ್ಟ್ ಬಟ್ಟೆಯ ಉಡುಪುಗಳ ಅಂಗಡಿ ತೆರೆದರು. 1880ರಲ್ಲಿ ಸೂಜಿಗಳನ್ನು ಚುಚ್ಚಿಡಲೆಂದು ಹೊಲಿದ ಪುಟ್ಟ ಬಟ್ಟೆಯ ಆನೆಗಳು ಮಕ್ಕಳ ಕೈಗೆ ಆಟಿಕೆಯಾಗಿ ಹೋದದ್ದರಿಂದ ಕಂಪನಿ ಹುಟ್ಟಿತು. ತಂದೆ ಕಟ್ಟಡ ಕಟ್ಟಿಸುವ ಕಸುಬಿನವರು. ತಮ್ಮ ಫ್ರಿಟ್ಸ್ ಅದೇ ಕಸುಬನ್ನು ಮುಂದುವರಿಸಿದರು. ಫ್ರಿಟ್ಸ್ ಅವರ ಮಕ್ಕಳು ಒಬ್ಬೊಬ್ಬರಾಗಿ ಸೋದರತ್ತೆಯ ಕಂಪನಿಗೆ ಬಂದು ಸೇರಿಕೊಂಡರು. ಕಟ್ಟಡ ಕಟ್ಟುವವರ ಮನೆಯಲ್ಲಿ ಹುಟ್ಟಿದ ಆಟಿಕೆ ಕಂಪನಿ ಇದು ಎಂಬುದನ್ನು ಮರೆತರೆ, 1903ರಲ್ಲಿ ಅವರು ತೋರಿದ ಧೈರ್ಯ ಆಕಸ್ಮಿಕದಂತೆ ಕಾಣುತ್ತದೆ.

ಆ ಸೋದರಳಿಯರಲ್ಲಿ ರಿಚರ್ಡ್ ಸ್ಟೈಫ್ ಸ್ಟಟ್‌ಗಾರ್ಟ್‌ನ ಕರಕುಶಲ ಕಲಾಶಾಲೆಯಲ್ಲಿ ಕಲಿತವರು. ಅದೇ ನಗರದ ಮೃಗಾಲಯದಲ್ಲಿ ಕುಳಿತು ಕರಡಿಗಳನ್ನು ಬಿಡಿಸಿಕೊಂಡು, 1902ರಲ್ಲಿ ಕೈಕಾಲು ತಿರುಗಿಸಬಹುದಾದ ಮೊಹೇರ್ ತುಪ್ಪಳದ ಕರಡಿಯೊಂದನ್ನು ರೂಪಿಸಿದರು. 1903ರ ಲೈಪ್‌ತ್ಸಿಗ್ ಆಟಿಕೆ ಮೇಳದಲ್ಲಿ ಅಮೆರಿಕದ ವರ್ತಕರೊಬ್ಬರು ಅಂಥ ಮೂರು ಸಾವಿರ ಕರಡಿಗಳಿಗೆ ಬೇಡಿಕೆ ಕೊಟ್ಟರು. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರ ಅಡ್ಡಹೆಸರಿನಿಂದ ಟೆಡ್ಡಿ ಎಂದು ಲೋಕಪ್ರಸಿದ್ಧವಾದ ಬೊಂಬೆಯ ಕಥೆಯನ್ನು ಇಲ್ಲಿ ಬೆಳೆಸುವುದು ಅನಗತ್ಯ. ನಮಗೆ ಬೇಕಾದದ್ದು ಇಷ್ಟು: ಗಾಜಿನ ಕಾರ್ಖಾನೆ ಎದ್ದ ವರ್ಷವೂ ಕರಡಿಗೆ ದೊಡ್ಡ ಗಿರಾಕಿ ಸಿಕ್ಕ ವರ್ಷವೂ ಒಂದೇ, ಮತ್ತು 1907ರ ಹೊತ್ತಿಗೆ ವರ್ಷವೊಂದಕ್ಕೆ 9,74,000 ಕರಡಿಗಳನ್ನು ಮಾಡುವ ಮಟ್ಟಕ್ಕೆ ಕಂಪನಿ ಬೆಳೆದಿತ್ತು. ಆಗ ಕಾರ್ಖಾನೆಯೊಳಗೆ ಸುಮಾರು 400 ಜನ, ಅವರಲ್ಲದೆ ತಂತಮ್ಮ ಮನೆಗಳಲ್ಲೇ ಹೊಲಿದುಕೊಡುತ್ತಿದ್ದವರು ಸುಮಾರು 1,800 ಜನ ದುಡಿಯುತ್ತಿದ್ದರು.

ಇಂಥ ಕೆಲಸಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಬೆಳಕು. ಕಂದು ಬಣ್ಣದ ತುಪ್ಪಳದ ಮೇಲೆ ಕಂದು ದಾರದ ಹೊಲಿಗೆ ಸರಿಯಾಗಿ ಬಿದ್ದಿದೆಯೇ, ಒಂದೇ ಕರಡಿಯ ಎರಡು ಕೈಗಳ ಬಣ್ಣ ಹೊಂದಿಕೊಂಡಿದೆಯೇ, ಎರಡೂ ಕಣ್ಣುಗಳು ಒಂದೇ ಎತ್ತರಕ್ಕೆ ಕೂತಿವೆಯೇ ಎಂಬುದನ್ನು ಎಣ್ಣೆ ದೀಪದ ಇಲ್ಲವೇ ಗ್ಯಾಸ್ ದೀಪದ ಹಳದಿ ಬೆಳಕಿನಲ್ಲಿ ನೋಡಿ ತೀರ್ಮಾನಿಸಲಾಗದು. ಅಲ್ಲದೆ ತುಪ್ಪಳ, ಫೆಲ್ಟ್, ಒಳಗೆ ತುಂಬುವ ಮರದ ಎಳೆಗಳು, ಎಲ್ಲವೂ ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತುಗಳೇ. ಗೀಂಗೆನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗಿಂತ ಸ್ವಲ್ಪವೇ ಹೆಚ್ಚು. ದಪ್ಪ ಇಟ್ಟಿಗೆ ಗೋಡೆಯಲ್ಲಿ ಕಿಟಕಿಗಳನ್ನು ಕೊರೆದರೆ, ಕಿಟಕಿಯ ಪಕ್ಕದ ಮೇಜಿಗೆ ಬೆಳಕು ಸಿಕ್ಕೀತೇ ವಿನಾ ಹಜಾರದ ನಡುವಿನ ಮೇಜಿಗೆ ಸಿಗುವುದಿಲ್ಲ. ಈ ಅಗತ್ಯವನ್ನು ಅವರು ಕಿಟಕಿಗಳನ್ನು ಹಿಗ್ಗಿಸಿ ಪೂರೈಸಿಕೊಳ್ಳಲಿಲ್ಲ, ಗೋಡೆಯನ್ನೇ ಬಿಟ್ಟುಬಿಟ್ಟರು.

ಈಗ ಕಟ್ಟಡವನ್ನು ನೋಡೋಣ. ಪೂರ್ವ ಕಟ್ಟಡ ಎಂದು ಅಲ್ಲಿನವರು ಕರೆಯುವ ಈ ಕಾರ್ಖಾನೆ ಸುಮಾರು 30 ಮೀಟರ್ ಉದ್ದ, 12 ಮೀಟರ್ ಅಗಲ, ಒಂಬತ್ತು ಮೀಟರಿಗಿಂತ ತುಸು ಹೆಚ್ಚು ಎತ್ತರದ ಸರಳ ಪೆಟ್ಟಿಗೆ. ಅಳತೆಯಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ನಮ್ಮ ಯಾವುದೇ ಕೈಗಾರಿಕಾ ವಸಾಹತಿನ ನಡುಗಾತ್ರದ ಶೆಡ್ ಇಷ್ಟೇ ಇದ್ದೀತು. ಅಚ್ಚರಿ ಇರುವುದು ಅದರ ಅಡ್ಡಕೊಯ್ತದಲ್ಲಿ, ಅಂದರೆ ಗೋಡೆಯನ್ನು ಮೇಲಿಂದ ಕೆಳಗೆ ಸೀಳಿದರೆ ಕಾಣುವ ನೋಟದಲ್ಲಿ. ಮಹಡಿಗಳ ಭಾರವನ್ನೆಲ್ಲ ಹೊರುವುದು ಉಕ್ಕಿನ ಚೌಕಟ್ಟು. ಆ ಚೌಕಟ್ಟಿನ ಹೊರಗಡೆ ಒಂದು ಗಾಜಿನ ಪದರ, ನೆಲದಿಂದ ಸೂರಿನವರೆಗೆ ಮೂರು ಅಂತಸ್ತುಗಳನ್ನೂ ದಾಟಿ, ಎಲ್ಲಿಯೂ ಮಹಡಿಯ ಅಂಚು ಹೊರಗೆ ಇಣುಕದಂತೆ ಏಕವಾಗಿ ಹರಡಿಕೊಂಡಿದೆ. ಚೌಕಟ್ಟಿನ ಒಳಗಡೆ ಇನ್ನೊಂದು ಗಾಜಿನ ಪದರ ಆಯಾ ಅಂತಸ್ತಿನ ನೆಲದಿಂದ ಅದರ ಛಾವಣಿಯವರೆಗೆ ನಿಂತಿದೆ. ಎರಡರ ನಡುವೆ ಒಂದು ಗೇಣಿನಷ್ಟು ಖಾಲಿ ಜಾಗ; ಕಂಬಗಳು ನಿಂತಿರುವುದು ಆ ಜಾಗದಲ್ಲೇ. ಗಾಳಿಯ ತಳ್ಳಾಟಕ್ಕೆ ಕಟ್ಟಡ ಓರೆಯಾಗದಂತೆ ಹಿಡಿದಿಡುವ ಕತ್ತರಿಯಾಕಾರದ ಉಕ್ಕಿನ ಪಟ್ಟಿಗಳನ್ನು ಯಾವ ಅಲಂಕಾರದಿಂದಲೂ ಮರೆಮಾಡುವ ಪ್ರಯತ್ನ ಅಲ್ಲಿ ನಡೆದಿಲ್ಲ. ಮೂಲೆಗಳಲ್ಲಿ ಇಟ್ಟಿಗೆಯ ಕಂಬವಾಗಲಿ ಕಲ್ಲಿನ ಕಟ್ಟಣೆಯಾಗಲಿ ಇಲ್ಲ. ಗಾಜು ಹಾಗೆಯೇ ತಿರುಗಿ ಇನ್ನೊಂದು ಪಕ್ಕಕ್ಕೆ ಹೋಗುತ್ತದೆ. ಗಾಜು ಕನ್ನಡಿಯಂತೆ ನುಣುಪಾದದ್ದಲ್ಲ, ಬೆಳಕನ್ನು ಚೆದುರಿಸಿ ಒಳಗೆ ಬಿಡುವ ಮಸುಕು ಗಾಜು. ಕರಾವಳಿ ಮಲೆನಾಡಿನ ಮನೆಗಳಲ್ಲಿ ಹೆಂಚಿನ ಸಾಲಿನ ನಡುವೆ ಕೂರಿಸಿದ ಒಂದು ಗಾಜಿನ ಹೆಂಚು ಅಡುಗೆಮನೆಗೆ ಕೊಡುವ ಬೆಳಕನ್ನು ಬಲ್ಲವರು, ಇಡೀ ಹೊರಮೈಯೇ ಅಂಥ ಗಾಜಾದರೆ ಹೊಲಿಗೆ ಮೇಜಿನ ಮೇಲೆ ಎಂಥ ನೆರಳಿಲ್ಲದ ಬೆಳಕು ಬಿದ್ದಿರಬೇಕೆಂದು ಊಹಿಸಿಕೊಳ್ಳಬಹುದು.

ಎರಡು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಚಳಿಗಾಲದಲ್ಲಿ ಒಳಗಿನ ಬಿಸಿಯನ್ನು ಹೊರಗೆ ಹೋಗಗೊಡದ ಹೊದಿಕೆಯಾಗುತ್ತದೆ. ಇಂದು ಡಬಲ್ ಸ್ಕಿನ್ ಫಸಾಡ್ ಎಂದು ಹೆಸರಿಟ್ಟು, ಕಂಪ್ಯೂಟರಿನಲ್ಲಿ ಗಾಳಿಯ ಚಲನೆಯ ಲೆಕ್ಕ ಹಾಕಿ, ಭಾರಿ ಬೆಲೆಗೆ ನಾವು ಕೂರಿಸುವ ವ್ಯವಸ್ಥೆಯ ಮೂಲ ಆಲೋಚನೆ ಇದೇ. ಬೇರೊಬ್ಬರ ಕೈಯಲ್ಲಿ ಇದೇ ಆಲೋಚನೆ ಮತ್ತೆ ತಲೆಯೆತ್ತಲು ಇಪ್ಪತ್ತೈದು ವರ್ಷ ಹಿಡಿಯಿತು: ಪ್ಯಾರಿಸ್ಸಿನಲ್ಲಿದ್ದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ ಎರಡು ಪದರ ಗಾಜಿನ ನಡುವೆ ಬಿಸಿ ಅಥವಾ ತಣ್ಣನೆಯ ಗಾಳಿ ಹಾಯಿಸುವ ಗೋಡೆಯ ಬಗ್ಗೆ ಮಾತಾಡತೊಡಗಿದ್ದು 1920ರ ದಶಕದ ಕೊನೆಯಲ್ಲಿ. ದೊಡ್ಡ ದೊಡ್ಡ ಹಾಳೆಗಳಲ್ಲಿ ಸಿಗುವ ಇಂದಿನ ಸಮತಲ ಫ್ಲೋಟ್ ಗಾಜಿನ ವಿಧಾನ ಜಗತ್ತಿಗೆ ಗೊತ್ತಾದದ್ದು 1959ರಲ್ಲಿ. ಅದಕ್ಕೆ ಅರ್ಧ ಶತಮಾನಕ್ಕೂ ಹಿಂದೆ, ಸಿಲಿಕೋನ್ ಅಂಟಿಲ್ಲದ, ರಬ್ಬರ್ ಗ್ಯಾಸ್ಕೆಟ್ ಇಲ್ಲದ ಕಾಲದಲ್ಲಿ, ಸಣ್ಣ ಸಣ್ಣ ಗಾಜುಗಳನ್ನು ಲೋಹದ ಸರಳುಗಳ ಜಾಲದಲ್ಲಿ ಕೂರಿಸಿ ಮೂರು ಅಂತಸ್ತು ಎತ್ತರಕ್ಕೆ ಒಯ್ದದ್ದು ನನ್ನ ಕಸುಬಿನವರಿಗೆ ಸುಲಭವಾಗಿ ಅರ್ಥವಾಗುವ ಸಾಹಸ. ಉಷ್ಣಾಂಶಕ್ಕೆ ಲೋಹ ಹಿಗ್ಗುವ ಪ್ರಮಾಣ ಬೇರೆ, ಗಾಜು ಹಿಗ್ಗುವ ಪ್ರಮಾಣ ಬೇರೆ. ಎರಡಕ್ಕೂ ಜಾಗ ಬಿಡದಿದ್ದರೆ ಮೊದಲ ಚಳಿಗಾಲಕ್ಕೇ ಗಾಜು ಸೀಳುತ್ತದೆ. ಆ ಕಟ್ಟಡ ಇಂದಿಗೂ ನಿಂತಿದೆ. ನಮ್ಮ ವಿದ್ಯಾರ್ಥಿಗಳು ಚಿತ್ರದಲ್ಲಿ ನೋಡಿ ಮೆಚ್ಚುವ ಡೆಸ್ಸೌ ಬೌಹೌಸ್‌ನ ಗಾಜಿನ ಗೋಡೆಯಾದರೋ ಯುದ್ಧದಲ್ಲಿ ಹಾಳಾಗಿ 1976ರಲ್ಲಿ ಮರುನಿರ್ಮಾಣಗೊಂಡದ್ದು.

ಕಂಪನಿ ಬೆಳೆದಂತೆ 1904ರಲ್ಲಿ ಮತ್ತು 1908ರಲ್ಲಿ ಇನ್ನಷ್ಟು ಕಟ್ಟಡಗಳು ಸೇರಿದವು. ಹೊರಗಿನಿಂದ ನೋಡಿದರೆ ಅವೂ ಗಾಜಿನ ಪೆಟ್ಟಿಗೆಗಳೇ. ಆದರೆ ಅವುಗಳ ಚೌಕಟ್ಟು ಉಕ್ಕಿನದಲ್ಲ, ಮರದ್ದು. ಖರ್ಚು ಉಳಿಸುವ ಸಲುವಾಗಿ ಹಾಗೆ ಮಾಡಿದರು. ಪಾಠ ಹೇಳುವವರಿಗೆ ಇದು ಬಲು ಉಪಯುಕ್ತವಾದ ವಿವರ ಎಂದು ನನಗನಿಸುತ್ತದೆ. ಉಕ್ಕು ಬಂದದ್ದರಿಂದ ಗಾಜಿನ ಗೋಡೆ ಬಂತು ಎಂಬ ಸಲೀಸಾದ ವಾಕ್ಯವನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದವರೇ. ಗೀಂಗೆನ್ನಿನಲ್ಲಿ ಚೌಕಟ್ಟು ಬದಲಾಯಿತು, ಹೊರಮೈ ಬದಲಾಗಲಿಲ್ಲ. ಹೊರಮೈಗೂ ಭಾರ ಹೊರುವ ಅಸ್ಥಿಪಂಜರಕ್ಕೂ ಸಂಬಂಧ ಎಷ್ಟು ಕಳಚಿಹೋಗಿತ್ತೆಂದರೆ, ಒಂದರ ವಸ್ತುವನ್ನು ಬದಲಿಸಿದರೂ ಇನ್ನೊಂದಕ್ಕೆ ಅದರ ಬಿಸಿ ತಟ್ಟಲಿಲ್ಲ. ಭಾರ ಹೊರದೆ ಚೌಕಟ್ಟಿನ ಮುಂದೆ ತೂಗುವ ಇಂಥ ಪರದೆಗೋಡೆಯ ತತ್ತ್ವವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಕಂಡಿಲ್ಲ.

ಇನ್ನು ಪಠ್ಯದಲ್ಲಿ ಈಗ ಮೊದಲ ಸ್ಥಾನದಲ್ಲಿರುವ ಕಟ್ಟಡದ ವಿಷಯ. ಆಲ್ಫೆಲ್ಡ್ ಊರಿನಲ್ಲಿ, ಮುಂದೆ ಬೌಹೌಸ್ ಶಾಲೆಯನ್ನು ಸ್ಥಾಪಿಸಿದ ವಾಲ್ಟರ್ ಗ್ರೋಪಿಯಸ್ ಮತ್ತು ಅಡಾಲ್ಫ್ ಮೇಯರ್ ರೂಪಿಸಿದ ಫಾಗುಸ್, ಪಾದರಕ್ಷೆ ಮಾಡುವ ಮರದ ಅಚ್ಚುಗಳ ಕಾರ್ಖಾನೆ. ಅದರ ಮೂಲೆಯಲ್ಲಿ ಕಂಬವಿಲ್ಲದಿರುವುದು ನಿಜವಾಗಿಯೂ ಸೊಗಸು, ಅದರ ಪ್ರಮಾಣಬದ್ಧತೆಗೆ ಸಾಟಿ ಕಡಿಮೆ. 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಅದು ಸೇರಿದ್ದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಲ್ಲಿ ಗಾಜಿನ ಪಟ್ಟಿಗಳ ನಡುವೆ ಇಟ್ಟಿಗೆಯ ಕಂಬಗಳು ಎದ್ದು ಕಾಣುತ್ತವೆ, ಹೊರಮೈಯೆಲ್ಲ ಗಾಜಲ್ಲ. ಗೀಂಗೆನ್ನಿನಲ್ಲಿ ಎಂಟು ವರ್ಷ ಮೊದಲೇ ಆ ಇಟ್ಟಿಗೆಯನ್ನೂ ಕೈಬಿಟ್ಟಿದ್ದರು. ಹ್ಯಾಲಿಡೀ ಕಟ್ಟಡ ಮುಗಿದದ್ದು 1918ರಲ್ಲಿ, ಅದರಲ್ಲಿ ಗಾಜಿನ ಗೋಡೆ ಇರುವುದು ರಸ್ತೆಯ ಕಡೆಯ ಮುಖಕ್ಕೆ ಮಾತ್ರ. 1851ರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇವೆಲ್ಲಕ್ಕಿಂತ ಹಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಅದರ ನೆನಪನ್ನು 1889ರ ಕಾಲದ ನಮ್ಮ ಲಾಲ್‌ಬಾಗಿನ ಗಾಜಿನ ಮನೆಯೂ ಉಳಿಸಿಕೊಂಡಿದೆ. ಆದರೆ ಅವು ಪ್ರದರ್ಶನಕ್ಕೆ, ಹೂಗಿಡಕ್ಕೆ, ಹಬ್ಬದ ದಿನಕ್ಕೆ ಕಟ್ಟಿದವು. ವರ್ಷವಿಡೀ, ಚಳಿಯಲ್ಲೂ ಸೆಖೆಯಲ್ಲೂ, ಜನ ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತು ದುಡಿಯುವ ಬಹುಮಹಡಿ ಕಟ್ಟಡದ ಪ್ರಶ್ನೆಗಳೇ ಬೇರೆ, ಸ್ಟೈಫ್ ಕುಟುಂಬ ಉತ್ತರ ಹುಡುಕಿದ್ದು ಆ ಪ್ರಶ್ನೆಗಳಿಗೆ.

ಹಾಗಿದ್ದರೆ ಇತಿಹಾಸ ಬರೆದವರು ಇದನ್ನೇಕೆ ಬಿಟ್ಟರು? ನನ್ನ ಅಭಿಪ್ರಾಯದಲ್ಲಿ ಕಾರಣ ಸರಳ: ಈ ಕಟ್ಟಡಕ್ಕೆ ತನ್ನ ಪರವಾಗಿ ಮಾತಾಡುವ ವಾಸ್ತುಶಿಲ್ಪಿ ಇರಲಿಲ್ಲ. ವಿನ್ಯಾಸದ ಹಿಂದೆ ರಿಚರ್ಡ್ ಸ್ಟೈಫ್ ಇದ್ದರೆಂದು ವಾಡಿಕೆಯಾಗಿ ಹೇಳುತ್ತಾರೆ. ಉಕ್ಕಿನ ಕೆಲಸ ಮಾಡಿದ್ದು ಮ್ಯೂನಿಕ್ ನಗರದ ಒಂದು ಉಕ್ಕಿನ ಕಾರ್ಖಾನೆ. ಇವರಲ್ಲಿ ಯಾರೂ ಗಾಜಿನ ಭವಿಷ್ಯದ ಬಗ್ಗೆ ಘೋಷಣೆ ಹೊರಡಿಸಲಿಲ್ಲ, ಶಾಲೆ ಕಟ್ಟಲಿಲ್ಲ, ಶಿಷ್ಯರನ್ನು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸಲಿಲ್ಲ. ಕಟ್ಟಿದರು, ಕರಡಿ ಹೊಲಿಯಲು ಕುಳಿತರು. ಆಧುನಿಕ ವಾಸ್ತುಶಿಲ್ಪದ ಕಥೆಯನ್ನು 1930 ಮತ್ತು 40ರ ದಶಕಗಳಲ್ಲಿ ಕಟ್ಟಿಕೊಟ್ಟ ಇತಿಹಾಸಕಾರರಿಗೆ ನಾಯಕರು ಬೇಕಿದ್ದರು, ಅವರಿಗೆ ಗ್ರೋಪಿಯಸ್ ಸಿಕ್ಕರು. ಆ ಕಥೆಯೇ ನಮ್ಮ ಐದು ವರ್ಷದ ಪದವಿಯ ಪಾಠವಾಗಿ ಇಂದಿಗೂ ನಡೆದುಬಂದಿದೆ. ಸಂಶೋಧಕರು ಸುಮ್ಮನೆ ಕುಳಿತಿಲ್ಲ. 2009ರಲ್ಲಿ ಜರ್ಮನಿಯ ಕಾಟ್‌ಬುಸ್ ನಗರದಲ್ಲಿ ನಡೆದ ನಿರ್ಮಾಣ ಇತಿಹಾಸದ ಅಂತರರಾಷ್ಟ್ರೀಯ ಸಮಾವೇಶದಲ್ಲಿ ಈ ಕಾರ್ಖಾನೆಯ ಗಾಜಿನ ಗೋಡೆಯ ಬಗೆಗೇ ಒಂದು ಪ್ರಬಂಧ ಮಂಡನೆಯಾಯಿತು. ಅಲ್ಲಿಂದ ನಮ್ಮ ತರಗತಿಗೆ ಅದು ಇನ್ನೂ ತಲುಪಿಲ್ಲ ಅಷ್ಟೇ.

ಈ ಕಟ್ಟಡವನ್ನು ಬರೀ ಹೊಗಳಿ ಪಾಠ ಮಾಡಬೇಡಿ ಎಂದೂ ಇದೇ ಪತ್ರದಲ್ಲಿ ವಿನಂತಿಸುತ್ತೇನೆ. ಗಾಜು ಬಿಸಿಲನ್ನು ಒಳಗೆ ಬಿಡುವಷ್ಟು ಸುಲಭವಾಗಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಗೀಂಗೆನ್ ಇರುವುದು ಸುಮಾರು 48.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ಅಲ್ಲಿ ದಿಗಂತದಿಂದ ಏರುವುದು 18 ಡಿಗ್ರಿಯಷ್ಟು ಮಾತ್ರ. ಆ ತಗ್ಗು ಬಿಸಿಲು ಗಾಜನ್ನು ನೇರವಾಗಿ ತೂರಿ ಒಳಗೆ ಬಂದು ಹಜಾರವನ್ನು ಬೆಚ್ಚಗಿಡುವುದು ಅಲ್ಲಿನವರಿಗೆ ಭಾಗ್ಯವೇ. ಆದರೆ ಜೂನ್ ತಿಂಗಳಲ್ಲಿ ಹಗಲು ಹದಿನಾರು ಗಂಟೆ, ನಡುಹಗಲ ಸೂರ್ಯ 65 ಡಿಗ್ರಿ ಎತ್ತರದಲ್ಲಿ, ಬೆಳಿಗ್ಗೆ ಪೂರ್ವದಿಂದ ಸಂಜೆ ಪಶ್ಚಿಮದಿಂದ ನಾಲ್ಕೂ ಗಾಜಿನ ಮುಖಗಳಿಗೆ ಸರದಿಯಂತೆ ಬಿಸಿಲು. ಆಗ ಅದೇ ಹೊದಿಕೆ ಒಳಗಿನವರಿಗೆ ಹೊರೆಯಾಗದೆ ಇರಲು ಸಾಧ್ಯವೇ ಇಲ್ಲ. ಬೌಹೌಸ್‌ನ ಕಾರ್ಯಾಗಾರದಲ್ಲೂ ಬೇಸಿಗೆಯ ಕಾವು ದೊಡ್ಡ ದೂರಾಗಿತ್ತು. 1933ರಲ್ಲಿ ಪ್ಯಾರಿಸ್ಸಿನಲ್ಲಿ ತೆರೆದ ಲೆ ಕಾರ್ಬೂಸಿಯೇ ಅವರ ನಿರಾಶ್ರಿತರ ವಸತಿಗೃಹಕ್ಕೆ ಎರಡನೆಯ ಪದರವೂ ಸಿಗಲಿಲ್ಲ, ಗಾಳಿ ತಂಪಾಗಿಸುವ ಯಂತ್ರವೂ ಸಿಗಲಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ, ತೆರೆಯಲಾಗದ ಒಂಟಿ ಗಾಜಿನ ಹಿಂದೆ ಜನ ಬೆಂದರು, ಕೊನೆಗೆ ಆ ಮುಖಕ್ಕೆ ಬಿಸಿಲು ತಡೆಯುವ ಕಾಂಕ್ರೀಟ್ ಪಟ್ಟಿಗಳನ್ನು ಕಟ್ಟಬೇಕಾಯಿತು. ಅಂಥ ಪಟ್ಟಿಗಳನ್ನು ಮುಂದೆ ಚಂಡೀಗಢದಲ್ಲಿ ಮೊದಲಿನಿಂದಲೇ ವಿನ್ಯಾಸದ ಭಾಗವಾಗಿಸಿದ ವಾಸ್ತುಶಿಲ್ಪಿಯೂ ಅವರೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಗೀಂಗೆನ್‌ನಿಂದ ಚಂಡೀಗಢದವರೆಗೆ ಹೀಗೆ ಒಂದು ಎಳೆ ಎಳೆದು ತೋರಿಸಿದರೆ, ಗಾಜಿನ ಗೋಡೆಯ ಇತಿಹಾಸ ಬೆಳಕಿನ ಇತಿಹಾಸದಷ್ಟೇ ಕಾವಿನ ಇತಿಹಾಸವೂ ಆಗಿ ಕಾಣುತ್ತದೆ.

ಇದು ನಮಗೆ ದೂರದ ಮಾತಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ, ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಹಾಯುತ್ತಾನೆ. ಡಿಸೆಂಬರಿನಲ್ಲೂ ನಡುಹಗಲಿಗೆ 53 ಡಿಗ್ರಿ ದಾಟುತ್ತಾನೆ. ಇಲ್ಲಿ ಗಾಜು ಬೆಚ್ಚಗಿಡಬೇಕಾದ ಚಳಿಗಾಲವೇ ಇಲ್ಲ, ಪಶ್ಚಿಮದ ಗೋಡೆಗೆ ಮಧ್ಯಾಹ್ನ ಮೂರರ ನಂತರ ಬೀಳುವ ಬಿಸಿಲು ಮಾತ್ರ ವರ್ಷವಿಡೀ ಇದೆ. ಹೊರವರ್ತುಲ ರಸ್ತೆಯುದ್ದಕ್ಕೂ ಎದ್ದಿರುವ ಗಾಜಿನ ಕಟ್ಟಡಗಳಿಗೆ ಇಂಥ ಗೋಡೆ ಯಾಕೆ ಬಂತೆಂದು ಕೇಳಿದರೆ ಆಧುನಿಕತೆ ಎಂಬ ಉತ್ತರ ಬರುತ್ತದೆ. ಅವುಗಳ ಗಾಜಿನ ಹಿಂದೆ ಹಗಲು ಹೊತ್ತಿನಲ್ಲೇ ಪರದೆ ಇಳಿಬಿಟ್ಟು, ದೀಪ ಹಾಕಿ, ಎಸಿ ಓಡಿಸುವುದನ್ನು ನಾನು ಕೆಲಸದ ನಿಮಿತ್ತ ದಿನವೂ ನೋಡುತ್ತೇನೆ (ಆ ಗಾಜಿನಲ್ಲಿ ಕೆಲವನ್ನು ನಿಲ್ಲಿಸಿದವರಲ್ಲಿ ನಾನೂ ಒಬ್ಬ ಎಂಬುದನ್ನು ಇಲ್ಲಿ ಹೇಳದಿದ್ದರೆ ಪತ್ರ ಪ್ರಾಮಾಣಿಕವಾಗದು). ಗೀಂಗೆನ್ನಿನ ಗಾಜಿಗೆ ಒಂದು ಕಾರಣವಿತ್ತು, ಹೊಲಿಯುವ ಕಣ್ಣುಗಳಿಗೆ ಬೆಳಕು ಬೇಕಿತ್ತು. ಅದೇ ಪ್ರಶ್ನೆಯನ್ನು, ಈ ಗಾಜು ಯಾರ ಯಾವ ಕೆಲಸಕ್ಕೆ ಎಂಬ ಪ್ರಶ್ನೆಯನ್ನು, ಪ್ರತಿಯೊಂದು ವಿನ್ಯಾಸದ ಮುಂದೆ ಇಡುವ ಅಭ್ಯಾಸ ವಿದ್ಯಾರ್ಥಿ ದೆಸೆಯಲ್ಲೇ ಬೆಳೆದರೆ ನನ್ನಂಥವರಿಗೆ ಬರುವ ನಕ್ಷೆಗಳು ಖಂಡಿತ ಬೇರೆಯಾಗಿರುತ್ತವೆ.

ಆ ಕಟ್ಟಡದೊಳಗೆ ಯಾರಿದ್ದರು ಎಂಬುದನ್ನೂ ಪಾಠ ಬಿಡಬಾರದು. ಅಲ್ಲಿ ದುಡಿದವರಲ್ಲಿ ಬಹುಪಾಲು ಹೆಂಗಸರು. ಊರಿನವರು ಕಾರ್ಖಾನೆಯನ್ನು ಕನ್ಯೆಯರ ಅಕ್ವೇರಿಯಂ ಎಂದು ಚೇಷ್ಟೆಯಾಗಿ ಕರೆದರು. ಹೆಸರು ತಮಾಷೆಯಾಗಿ ಕೇಳಿಸಿದರೂ, ದುಡಿಯುವ ಹೆಣ್ಣುಮಕ್ಕಳನ್ನು ಬೆಳಕಿನಲ್ಲಿ ಕೂರಿಸಿದ ಗೋಡೆಯೇ ಅವರನ್ನು ದಾರಿಹೋಕರ ನೋಟಕ್ಕೂ ಒಡ್ಡಿತ್ತೆಂಬ ಸಂಗತಿ ಅದರೊಳಗಿದೆ. ಕಾರ್ಖಾನೆಯ ಒಡತಿ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವರು. 1890ರಲ್ಲಿ ತಮ್ಮ ಫ್ರಿಟ್ಸ್ ಕಟ್ಟಿಕೊಟ್ಟ ಮನೆಯಲ್ಲೇ ಆಕೆಯ ಕುರ್ಚಿ ಸುಲಭವಾಗಿ ಸಾಗುವ ಏರ್ಪಾಡಿತ್ತು. ಗಾಲಿಕುರ್ಚಿಗೆ ಇಳಿಜಾರು ದಾರಿ ಬಿಡುವುದನ್ನು ಕೊನೆಗೆ ಸೇರಿಸುವ ಕಾಟಾಚಾರವೆಂದು ತಿಳಿಯುವ ನಮ್ಮ ಕಟ್ಟಡ ಸಂಸ್ಕೃತಿಗೆ ಈ ಕುಟುಂಬದ ಕಥೆ ಬೇರೆಯೇ ರೀತಿಯಲ್ಲಿ ಪ್ರಯೋಜನಕ್ಕೆ ಬರುತ್ತದೆ. ಮಾರ್ಗರೆಟೆ ತೀರಿಕೊಂಡದ್ದು 1909ರಲ್ಲಿ. ಮೂರೂ ಗಾಜಿನ ಕಟ್ಟಡಗಳು ಎದ್ದುನಿಂತದ್ದನ್ನು ಅವರು ಕಂಡಿದ್ದರು.

ಪಾಠ ಹೇಗಿರಬೇಕೆಂದು ತಮಗೆ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೂ ಕಸುಬಿನ ಅನುಭವದಿಂದ ಒಂದು ಸಲಹೆ: ಚಿತ್ರ ತೋರಿಸಿ ಇಸವಿ ಬರೆಸಿ ಮುಗಿಸುವ ಬದಲು, ಆ ಎರಡು ಪದರದ ಗೋಡೆಯ ಅಡ್ಡಕೊಯ್ತವನ್ನು 1:10 ಪ್ರಮಾಣದಲ್ಲಿ ವಿದ್ಯಾರ್ಥಿಗಳ ಕೈಯಿಂದಲೇ ಬಿಡಿಸಬೇಕು. ಹೊರಪದರದ ತೂಕ ಎಲ್ಲಿ ಇಳಿಯುತ್ತದೆ, ನೀರು ಎಲ್ಲಿಂದ ಹೊರಹೋಗುತ್ತದೆ, ಒಳಪದರವನ್ನು ಒರೆಸುವವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನೆಲ್ಲ ಗೆರೆ ಎಳೆಯುವಾಗಲೇ ಅವರು ಎದುರಿಸಲಿ. ಆಮೇಲೆ ಅದೇ ಪೆಟ್ಟಿಗೆಯನ್ನು ಒಮ್ಮೆ ಬೆಂಗಳೂರಿನಲ್ಲಿ, ಒಮ್ಮೆ ಕಲಬುರಗಿಯಲ್ಲಿ ನಿಲ್ಲಿಸಿದಂತೆ ಭಾವಿಸಿ ಒಳಗಿನ ಕಾವಿನ ಲೆಕ್ಕ ಹಾಕಲಿ. ಇತಿಹಾಸದ ಪತ್ರಿಕೆಯಲ್ಲಿ ಕಟ್ಟಡ ವಿಜ್ಞಾನವೇಕೆ ಎಂಬ ಆಕ್ಷೇಪ ಬರಬಹುದು. ಈ ಕಟ್ಟಡದಲ್ಲಿ ಎರಡನ್ನೂ ಬೇರ್ಪಡಿಸಿದರೆ ಹೇಳಲು ಏನೂ ಉಳಿಯುವುದಿಲ್ಲ.

ವಾಸ್ತುಶಿಲ್ಪಿಯ ಸಹಿಯಿಲ್ಲದ ಕೈಗಾರಿಕಾ ಕಟ್ಟಡಗಳನ್ನು ಇತಿಹಾಸವೆಂದು ಎಣಿಸಲು ಒಮ್ಮೆ ಕಲಿತರೆ ನಮ್ಮ ಸುತ್ತಲಿನವೂ ಕಣ್ಣಿಗೆ ಬೀಳುತ್ತವೆ. ಗೀಂಗೆನ್ ಇರುವ ವ್ಯೂರ್ಟೆಂಬರ್ಗ್ ಸೀಮೆಯಿಂದಲೇ ಬಂದವರು 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್. ಅವರು ಸೇರಿದ್ದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಅಲ್ಲಿಂದ ಹರಡಿದ ಹೆಂಚು ಕರಾವಳಿಯ ಮನೆಗಳ ಮಾಡನ್ನೇ ಬದಲಿಸಿತು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಹಳೆಯ ಹೆಂಚಿನ ಕಾರ್ಖಾನೆಗಳಾಗಲಿ, ಗೋಕಾಕದ ನೂಲಿನ ಗಿರಣಿಯಾಗಲಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಲು ಆರಂಭಿಸಿದ ಶಿವನಸಮುದ್ರದ ಕೇಂದ್ರವಾಗಲಿ, ಅಳತೆ ಪಟ್ಟಿ ಹಿಡಿದ ವಿದ್ಯಾರ್ಥಿಗಳ ತಂಡಗಳು ದೇವಸ್ಥಾನಗಳಿಗೆ ಹೋಗುವಷ್ಟು ಅಲ್ಲಿಗೆ ಹೋಗುವುದನ್ನು ನಾನು ಕಂಡಿಲ್ಲ. ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ.

ಪಠ್ಯ ಈಗಾಗಲೇ ತುಂಬಿ ತುಳುಕುತ್ತಿದೆ, ಹೊಸದಕ್ಕೆ ಜಾಗವೆಲ್ಲಿ ಎಂದು ತಾವು ಕೇಳುವುದು ನ್ಯಾಯವೇ. ಬೌಹೌಸ್ ಶಾಲೆಗೆ ಮೀಸಲಾದ ತರಗತಿಗಳಲ್ಲಿ ಒಂದನ್ನು ಬಿಟ್ಟುಕೊಟ್ಟರೆ ಈ ಪಾಠಕ್ಕೆ ಸಾಕು ಎಂದು ನನ್ನ ಅಂದಾಜು. ಹೊರಗೋಡೆಯ ಅಡ್ಡಕೊಯ್ತ, ಕಾವಿನ ಲೆಕ್ಕದ ಮಾದರಿ, ಕಟ್ಟಡದ ಕುರಿತ ಕನ್ನಡ ಟಿಪ್ಪಣಿ, ಇವುಗಳನ್ನು ಸಿದ್ಧಪಡಿಸಿ ಯಾವ ಕಾಲೇಜಿಗೆ ಬೇಕಾದರೂ ಉಚಿತವಾಗಿ ಕೊಡಲು, ಕರೆದರೆ ಬಂದು ವಿದ್ಯಾರ್ಥಿಗಳೊಂದಿಗೆ ಕುಳಿತು ಬಿಡಿಸಲು ನಾನು ಮತ್ತು ನನ್ನ ಕೆಲವು ಸಹೋದ್ಯೋಗಿಗಳು ಸಿದ್ಧರಿದ್ದೇವೆ. ಮುಂದಿನ ಪಠ್ಯಕ್ರಮ ಪರಿಷ್ಕರಣೆಯ ಸಭೆಯಲ್ಲಿ ಈ ಕೋರಿಕೆಯನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದೂ, ಒಪ್ಪದಿದ್ದರೆ ಅದರ ಕಾರಣಗಳನ್ನು ಹೀಗೆಯೇ ಬಹಿರಂಗವಾಗಿ ತಿಳಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಫಸಾಡ್ ಇಂಜಿನಿಯರ್